ಮಗನಿಗೆ ರನ್ನ ಅಂತ ಹೆಸರಿಟ್ಟೆವು

ಗಂಡು ಮಗುವಾದರೆ ರನ್ನ ಅಂತ ನಾವಿಬ್ಬರೂ ಮೊದಲೇ ತೀರ್ಮಾನ ಮಾಡಿದ್ದೆವು. ಯಾರಿಗೂ ಹೇಳಿರಲಿಲ್ಲ. ಮಗು ಹುಟ್ಟಿ ಮನೆಗೆ ಬಂದ ಮೇಲೆ, ಒಂದು ಭಾನುವಾರ ಎರಡೂ ಕಡೆಯವರು ನೋಡಲು ಬಂದರು. ಅವತ್ತು ಹೇಳಿದೆವು. ಆಮೇಲೆ ಸಂಜೆವರೆಗೂ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ.

ಮೊದಲು ಬಾಯಿಬಿಟ್ಟವರು ನಮ್ಮ ದೊಡ್ಡಪ್ಪ. "ಪಂಪ, ಪೊನ್ನ, ರನ್ನ ಅಂತ ಬರುತ್ತಲ್ಲ, ಆ ರನ್ನನಾ?" ಹೌದು ಅಂದೆ. "ಹೆಸರೇನೋ ಒಳ್ಳೆಯದೇ. ಆದರೆ ಅದು ಪಾಠದಲ್ಲಿರೋ ಹೆಸರಮ್ಮ, ಮನೇಲಿ ಇಡೋದಲ್ಲ. ಬೇಕಾದ್ರೆ ರತ್ನಾಕರ ಅಂತಿಡಿ." ಅಲ್ಲಿದ್ದ ಅರ್ಧ ಜನ ತಲೆದೂಗಿದರು.

ನನ್ನ ನಾದಿನಿ ಫೋನಿನಲ್ಲಿ ಹೆಸರುಗಳ ಪಟ್ಟಿಯನ್ನೇ ಇಟ್ಟುಕೊಂಡಿದ್ದಳು. ಆರವ್, ವಿಹಾನ್, ಅಯಾನ್. "ಅತ್ತಿಗೆ, ಕ್ಲಾಸಲ್ಲಿ ಎಲ್ಲರದ್ದೂ ಇಂಥ ಹೆಸರಿರುತ್ತೆ. ಇವನೊಬ್ಬ ರನ್ನ ಅಂದ್ರೆ ಮಕ್ಕಳು ನಗಲ್ವಾ?" ಅವಳು ಕೇಳಿದ್ದು ಮಗುವಿನ ಮೇಲಿನ ಪ್ರೀತಿಯಿಂದಲೇ. ಆ ಭಯ ನನಗೂ ಇತ್ತು. ಆದರೆ ನಮ್ಮ ಮನೆಯ ಹೆಸರುಗಳನ್ನೇ ನೋಡಿ. ಅಜ್ಜಂದಿರು ತಿಮ್ಮಪ್ಪ, ಮಲ್ಲಯ್ಯ. ಅಪ್ಪಂದಿರ ಕಾಲಕ್ಕೆ ರಮೇಶ, ಸುರೇಶ. ನಮ್ಮ ಜೊತೆ ಓದಿದವರು ಕಿರಣ್, ಪ್ರಶಾಂತ್, ಸಂತೋಷ್. ಒಂದೇ ಹೆಸರಿನ ಹುಡುಗರು ಜಾಸ್ತಿ ಇದ್ದು, ಟೀಚರ್ ಇನಿಷಿಯಲ್ ಸೇರಿಸಿ ಕೂಗುತ್ತಿದ್ದರು. ಇವತ್ತು ಹೊಸದು ಅನ್ನಿಸುವ ಹೆಸರು ಇಪ್ಪತ್ತು ವರ್ಷಕ್ಕೆ ಹಳತಾಗುತ್ತದೆ. ಸಾವಿರ ವರ್ಷ ಹಳೆಯ ಹೆಸರಿಗೆ ಇನ್ನು ಹಳತಾಗುವ ಭಯವೆಲ್ಲಿ?

ಅತ್ತೆಯವರ ತಕರಾರು ಬೇರೆ ಥರದ್ದು. ಆಸ್ಪತ್ರೆಯಿಂದ ಬಂದಾಗಿನಿಂದ ಅವರು ಮಗುವನ್ನು ತೊಡೆ ಮೇಲೆ ಹಾಕಿಕೊಂಡು "ನನ್ನ ಚಿನ್ನ, ನನ್ನ ರನ್ನ" ಅಂತ ಮುದ್ದು ಮಾಡುತ್ತಿದ್ದರು. "ಅದು ಮುದ್ದಿಗೆ ಅನ್ನೋ ಮಾತು ಕಣಮ್ಮ. ಎಲ್ಲಾ ಮಕ್ಕಳಿಗೂ ಹಾಗೇ ಅಂತೀವಿ. ನಾಳೆ ಆಫೀಸಲ್ಲೂ ಹಂಗೇ ಕರೀಬೇಕಾ?" ಎಂದರು. ಅವರು ಹಳಗನ್ನಡ ಓದಿದವರಲ್ಲ. ಓದದವರ ಬಾಯಲ್ಲೂ ದಿನಕ್ಕೆ ಹತ್ತು ಸಲ ಬರುವ ಹೆಸರು ಅದು. ಅವರು ಬೇಡ ಅಂದ ಕಾರಣಕ್ಕೇ ನನಗದು ಇನ್ನೂ ಹೆಚ್ಚು ಇಷ್ಟವಾಯಿತು. "ಅತ್ತೆ, ನಾವು ಇಡೋ ಮುಂಚೆ ನೀವೇ ಇಟ್ಟಿದ್ದೀರಿ" ಅಂದೆ. ಅವರು ಒಪ್ಪಲಿಲ್ಲ, ಆದರೆ ಮಗುವನ್ನು ಹಾಗೆ ಕರೆಯುವುದನ್ನೂ ಬಿಡಲಿಲ್ಲ.

ಬಂದವರಲ್ಲಿ ಒಬ್ಬರು "ಅದು ಜೈನರ ಹೆಸರಲ್ವಾ, ನಮ್ಮಲ್ಲಿ ಇಡ್ತಾರಾ?" ಅಂತ ಕೇಳಿದರು. ಅವತ್ತು ನನಗೆ ಸಿಟ್ಟು ಬಂದದ್ದು ಈ ಒಂದು ಮಾತಿಗೆ. ರನ್ನ ಜೈನ ಕವಿ, ನಿಜ. ಆದರೆ ಅವನ ಕನ್ನಡ ಓದಿದವರೆಲ್ಲರದ್ದೂ ಅಲ್ವಾ? ಹಾಗಿರುವಾಗ ಹೆಸರು ಮಾತ್ರ ಒಂದು ಗುಂಪಿನದು ಹೇಗಾಗುತ್ತದೆ?

ಆಮೇಲೆ ರನ್ನನ ಬಗ್ಗೆ ನನಗೆ ಗೊತ್ತಿದ್ದದ್ದನ್ನು ಹೇಳುತ್ತಾ ಕೂತೆ. ಹುಟ್ಟಿದ್ದು 949ರಲ್ಲಿ, ಈಗಿನ ಮುಧೋಳದಲ್ಲಿ. ಬಳೆಗಾರರ ಮನೆ. ಅಪ್ಪ ಜಿನವಲ್ಲಭ, ಅಮ್ಮ ಅಬ್ಬಲಬ್ಬೆ. ಅಣ್ಣಂದಿರು ದೃಢಬಾಹು, ರೇಚಣ, ಮಾರಯ್ಯ. ಬಳೆ ಮಾರುವ ಕಸುಬು ಬಿಟ್ಟು, ಓದಬೇಕು ಅಂತ ದೂರದ ಶ್ರವಣಬೆಳಗೊಳದ ಕಡೆಗೆ ಹೋದ. ಅಲ್ಲಿ ಗಂಗರ ಮಂತ್ರಿ ಚಾವುಂಡರಾಯ ಆಸರೆಯಾದ. ಆಮೇಲೆ ದಾನಕ್ಕೆ ಹೆಸರಾದ ಅತ್ತಿಮಬ್ಬೆ ಬೆಂಬಲಕ್ಕೆ ನಿಂತಳು. ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿ ಅನ್ನಿಸಿಕೊಂಡ. ತನ್ನ ಮಕ್ಕಳಿಗೆ ಹೆಸರಿಡುವ ಹೊತ್ತು ಬಂದಾಗ ಆ ಇಬ್ಬರನ್ನೂ ಮರೆಯಲಿಲ್ಲ. ಮಗನಿಗೆ ರಾಯ ಅಂತಿಟ್ಟ, ಮಗಳಿಗೆ ಅತ್ತಿಮಬ್ಬೆ ಅಂತಿಟ್ಟ. ಇದನ್ನು ಕೇಳಿ ದೊಡ್ಡಪ್ಪ, "ಹಾಗಾದ್ರೆ ಅವನೂ ಋಣ ಇದ್ದವರ ಹೆಸರೇ ಇಟ್ಟಿದ್ದಾನೆ ಅನ್ನು" ಎಂದರು. ನಾನು ಹೇಳಬೇಕೆಂದಿದ್ದ ಮಾತು ಅದೇ. ಕನ್ನಡ ಓದಿ ನನಗೆ ಸಿಕ್ಕ ಸಂತೋಷ ಸಣ್ಣದಲ್ಲ. ಆ ಋಣಕ್ಕೆ ನನ್ನಿಂದ ಬೇರೇನು ಕೊಡಲು ಸಾಧ್ಯ?

ಎಲ್ಲರಿಗಿಂತ ಉಪಯೋಗದ ಮಾತಾಡಿದವಳು ನನ್ನ ಅಕ್ಕ. ಅವಳು ಶಾಲೆಯಲ್ಲಿ ಟೀಚರ್. "ಮಕ್ಕಳು ಎರಡು ದಿನ ನಗ್ತಾರೆ, ಮೂರನೇ ದಿನ ಮರೀತಾರೆ. ಅದನ್ನ ಬಿಡು. ಇಂಗ್ಲಿಷಲ್ಲಿ ಹೇಗೆ ಬರೀತೀಯ, ಅದನ್ನ ಹೇಳು" ಅಂದಳು. ಇಂಗ್ಲಿಷ್ ಅಕ್ಷರಗಳಲ್ಲಿ ನ ಮತ್ತು ಣ ಎರಡೂ ಒಂದೇ. ಒಂದು ಎನ್ ಹಾಕಿದರೆ ರಾಣಾ ಅಂತ ಓದುತ್ತಾರೆ, ಎರಡು ಹಾಕಿದರೆ ರಣ್ಣ ಅಂತ ಓದುತ್ತಾರೆ. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರುವುದರಿಂದ ಹಿಡಿದು ಡ್ರೈವಿಂಗ್ ಲೈಸೆನ್ಸ್‌ವರೆಗೆ ಜನನ ಪ್ರಮಾಣಪತ್ರವೇ ಮುಖ್ಯ ದಾಖಲೆ. ಅದರಲ್ಲಿ ಇರುವ ಸ್ಪೆಲಿಂಗ್ ಹುಡುಗನ ಜೊತೆ ಜೀವನಪೂರ್ತಿ ಇರುತ್ತದೆ.

ಅವಳೇ ದಾರಿಯನ್ನೂ ಹೇಳಿದಳು. ಜನನವನ್ನು 21 ದಿನದೊಳಗೆ ನೋಂದಣಿ ಮಾಡಿಸಬೇಕು, ಆದರೆ ಹೆಸರನ್ನು ಆಗಲೇ ಕೊಡಬೇಕು ಅಂತಿಲ್ಲ. ನೋಂದಣಿಯಾದ ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. "ಅಲ್ಲಿವರೆಗೆ ಮನೇಲಿ ಕೂಗಿ ನೋಡು. ರೇಗಿದಾಗ ಕೂಗು, ನಿದ್ದೆಗಣ್ಣಲ್ಲಿ ಕೂಗು. ಬಾಯಿಗೆ ಕೂತರೆ ಬರೆಸು." ಹೆಸರು ಹುಡುಕುತ್ತಿರುವ ಯಾರಿಗಾದರೂ ನಾನು ಈಗ ಇದನ್ನೇ ಹೇಳುತ್ತೇನೆ. ಪಟ್ಟಿ ನೋಡಿ ಆರಿಸಿದ ಹೆಸರಿಗೂ ಬಾಯಲ್ಲಿ ಹೊರಳಿದ ಹೆಸರಿಗೂ ತುಂಬಾ ವ್ಯತ್ಯಾಸವಿದೆ.

ನಮಗೆ ಬಾಯಿಗೆ ಕೂತಿತು. ಎರಡು ಎನ್ ಹಾಕಿಯೇ ಬರೆಸಿದೆವು. ಲಸಿಕೆ ಹಾಕಿಸಲು ಹೋದಾಗ ನರ್ಸ್ "ರಣ್ಣಾ" ಅಂತ ಕೂಗಿದರು. ಸರಿ ಮಾಡಿ ಹೇಳಿದೆ. "ಓ, ಕವಿ ರನ್ನ!" ಎಂದು ನಕ್ಕು, ಕಾರ್ಡಿನ ಮೇಲೆ ಕನ್ನಡದಲ್ಲೂ ಬರೆದುಕೊಟ್ಟರು. ನಾದಿನಿ ಈಗ ಅವನನ್ನು ರನ್ನು ಅನ್ನುತ್ತಾಳೆ. ದೊಡ್ಡಪ್ಪ ಮಾತ್ರ ಬಂದಾಗಲೆಲ್ಲ ರತ್ನಾಕರ ಅಂತಲೇ ಕರೆಯುತ್ತಾರೆ. ಮಗು ಅದಕ್ಕೂ ತಿರುಗಿ ನೋಡುತ್ತದೆ. ಕರೆಯಬೇಡಿ ಅಂತ ನಾನು ಹೇಳಿಲ್ಲ, ಹೇಳುವುದೂ ಇಲ್ಲ.