ಡಾ ನಾಂಗ್‌ಗೆ ಹೊರಡುವ ಮುನ್ನ: ನೀಲಿ ನೋಟು, ಸಸ್ಯಾಹಾರ, ಬೆಳಗಿನ ಕಡಲು

ವಿಯೆಟ್ನಾಮಿನ ಡಾ ನಾಂಗ್‌ಗೆ ಹೊರಡುವವರು ಎಲ್ಲಕ್ಕಿಂತ ಮೊದಲು ಅಲ್ಲಿನ ಎರಡು ನೋಟುಗಳನ್ನು ಅಕ್ಕಪಕ್ಕದಲ್ಲಿಟ್ಟು ಸರಿಯಾಗಿ ನೋಡಿಕೊಳ್ಳಬೇಕು. 20,000 ಡಾಂಗ್‌ನದೂ 5,00,000 ಡಾಂಗ್‌ನದೂ ನೀಲಿ ಬಣ್ಣದ ನೋಟುಗಳೇ. ಎರಡರ ಮೇಲೂ ಹೊ ಚಿ ಮಿನ್ ಅವರ ಚಿತ್ರವೇ ಇದೆ. ರಾತ್ರಿ ಟ್ಯಾಕ್ಸಿಯಿಂದ ಇಳಿಯುವಾಗ ನಾನು ಕೊಟ್ಟ ಐದು ಲಕ್ಷದ ನೋಟನ್ನು ಚಾಲಕ ಕಣ್ಣು ಮಿಟುಕಿಸುವಷ್ಟರಲ್ಲಿ ಬದಲಿಸಿ, ಇಪ್ಪತ್ತು ಸಾವಿರದ ನೋಟೊಂದನ್ನು ಮುಂದೆ ಹಿಡಿದು, ನೀವು ಕೊಟ್ಟದ್ದು ಇದೇ ಎಂದು ಸಾಧಿಸಿದ. ಭಾಷೆ ಬಾರದ ಊರಿನಲ್ಲಿ, ಸಾಮಾನು ಸರಂಜಾಮಿನೊಂದಿಗೆ ನಡುರಸ್ತೆಯಲ್ಲಿ ನಿಂತು ವಾದಿಸುವುದು ಸಾಧ್ಯವಾಗಲಿಲ್ಲ. ಸುಮಾರು ಒಂದೂವರೆ ಸಾವಿರ ರೂಪಾಯಿ ಹೋಯಿತು. ಆದ್ದರಿಂದ ದೊಡ್ಡ ನೋಟುಗಳನ್ನು ಅಂಗಡಿಯಲ್ಲೇ ಚಿಲ್ಲರೆ ಮಾಡಿಸಿಕೊಳ್ಳಿ. ಗ್ರ್ಯಾಬ್ ಆ್ಯಪ್‌ನಲ್ಲಿ ಗಾಡಿ ಕರೆಸಿದರೆ ಬಾಡಿಗೆ ಎಷ್ಟೆಂಬುದು ಹತ್ತುವ ಮೊದಲೇ ತಿಳಿಯುತ್ತದೆ. ವಿಮಾನ ನಿಲ್ದಾಣ ಊರಿನೊಳಗೇ ಇರುವುದರಿಂದ ಅಲ್ಲಿಂದ ದೊಡ್ಡ ಮೊತ್ತ ಕೇಳುವವರನ್ನು ನಂಬಬೇಡಿ.

ಮೀ ಖೆ ಕಡಲತೀರಕ್ಕೆ ಎದುರಾದ ಕೋಣೆಗೆ ಹೆಚ್ಚು ಹಣ ಕೊಡುವುದನ್ನೂ ನಾನು ಶಿಫಾರಸು ಮಾಡುವುದಿಲ್ಲ. ನಮ್ಮ ಕಿಟಕಿಯಿಂದ ಸಮುದ್ರ ಕಂಡದ್ದು ನಿಜ, ಆದರೆ ಕೆಳಗಿನ ಬಾರ್‌ನ ಸಂಗೀತದ ಅಬ್ಬರಕ್ಕೆ ನಡುರಾತ್ರಿ ಕಳೆದರೂ ಗಾಜು ಅದುರುತ್ತಲೇ ಇತ್ತು. ಎರಡು ಮೂರು ಬೀದಿ ಒಳಗೆ ಹೋದರೆ ಅದಕ್ಕಿಂತ ಬಹಳ ಕಡಿಮೆ ಬೆಲೆಗೆ ಅಚ್ಚುಕಟ್ಟಾದ ಕೋಣೆಗಳಿವೆ. ಕಡಲು ನೋಡಲು ಹೇಗಿದ್ದರೂ ಬೆಳಗಿನ ಐದು ಗಂಟೆಗೇ ಏಳಬೇಕು. ಊರಿನ ಜನ ಈಜಲು ಬರುವುದು ಆ ಹೊತ್ತಿಗೇ. ಒಂಬತ್ತರ ಮೇಲೆ ಬಿಸಿಲಿಗೆ ಮರಳಿನಲ್ಲಿ ಕಾಲಿಡಲಾಗುವುದಿಲ್ಲ.

ಸಸ್ಯಾಹಾರಿಗಳಿಗೆ ಆ ದೇಶದಲ್ಲಿ ಊಟವಿಲ್ಲ ಎಂದು ಹೆದರಿಸುವವರ ಮಾತನ್ನು ಕೇಳಬೇಡಿ. ಮೀನಿನ ಸಾಸ್ ಎಲ್ಲದಕ್ಕೂ ಬೀಳುತ್ತದೆ ಎಂಬುದು ಸತ್ಯವೇ. ಆದರೆ ಫಲಕದ ಮೇಲೆ 'ಚಾಯ್' ಎಂದು ಬರೆದಿರುವ ಬೌದ್ಧ ಸಸ್ಯಾಹಾರದ ಅಂಗಡಿಗಳಲ್ಲಿ ಅದರ ಬದಲು ಸೋಯಾ ಸಾಸ್ ಬಳಸುತ್ತಾರೆ. ನಾವು ಮತ್ತೆ ಮತ್ತೆ ಹೋದದ್ದು ಮನೆಯ ಮುಂಗಟ್ಟೆಯಲ್ಲೇ ನಡೆಯುವ, ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲುಗಳ ಒಂದು ಅಂಗಡಿಗೆ. ಅಲ್ಲಿನ ಅಜ್ಜಿ ಈ ಪ್ರಾಂತ್ಯದ ಮೀ ಕ್ವಾಂಗ್ ಎಂಬ ಶಾವಿಗೆ ಖಾದ್ಯ ಮಾಡುವ ರೀತಿಯನ್ನು ಕೂತು ನೋಡಬೇಕು. ಹೆಚ್ಚಿದ ಬಾಳೆ ಹೂವು ಮತ್ತು ಸೊಪ್ಪುಗಳ ಮೇಲೆ ಅರಿಶಿನ ಬಣ್ಣದ ಅಗಲ ಅಕ್ಕಿ ಶಾವಿಗೆ, ಅದರ ಮೇಲೆ ಕರಿದ ತೋಫು ಮತ್ತು ಅಣಬೆ, ಶಾವಿಗೆ ತೋಯುವಷ್ಟೇ ಸಾರು, ಕೊನೆಗೆ ಹುರಿದ ಕಡಲೆಕಾಯಿ ಬೀಜ. ಪಕ್ಕದಲ್ಲಿ ಎಳ್ಳು ಹಾಕಿ ಸುಟ್ಟ ಅಕ್ಕಿ ಹಪ್ಪಳವಿಡುತ್ತಾರೆ. ಅದನ್ನು ಮುರಿದು ಹಾಕಿ, ನಿಂಬೆ ಹಿಂಡಿ, ಹಸಿಮೆಣಸಿನಕಾಯಿ ಕಚ್ಚಿಕೊಂಡು ತಿನ್ನಬೇಕು. ಬೆಲೆ ಸುಮಾರು ನೂರು ರೂಪಾಯಿ. ಚಾಂದ್ರಮಾನದ ತಿಂಗಳ ಮೊದಲ ದಿನ ಹಾಗೂ ಹುಣ್ಣಿಮೆಯಂದು ಸ್ಥಳೀಯರೂ ಮಾಂಸ ಬಿಡುವುದರಿಂದ ಆ ದಿನಗಳಲ್ಲಿ ಬೇಗ ಹೋಗದಿದ್ದರೆ ಪಾತ್ರೆ ಖಾಲಿಯಾಗಿರುತ್ತದೆ.

ನೋಡುವ ಜಾಗಗಳಲ್ಲಿ ಒಂದನ್ನೇ ಆರಿಸಿ ಎಂದರೆ ನಾನು ಚಾಮ್ ಶಿಲ್ಪ ವಸ್ತುಸಂಗ್ರಹಾಲಯವನ್ನು ಹೇಳುತ್ತೇನೆ. 1919ರಲ್ಲಿ ತೆರೆದ ಈ ಕಟ್ಟಡದಲ್ಲಿ, ಹಿಂದೆ ಮಧ್ಯ ವಿಯೆಟ್ನಾಮಿನಲ್ಲಿದ್ದ ಚಾಮ್ ಜನರ ಚಂಪಾ ರಾಜ್ಯದ ಅರಸರ ಕಾಲದ ಶಿವಲಿಂಗಗಳೂ, ಮೀ ಸನ್ ದೇಗುಲಗಳಿಂದ ತಂದ ಗಣಪತಿಯೂ, ಚಾ ಕ್ಯೂವಿನ ಪೀಠದ ಮೇಲಿನ ನರ್ತಕಿಯರೂ ಇದ್ದಾರೆ. ಬೇಲೂರಿನ ಮದನಿಕೆಯರನ್ನು ನೋಡಿ ಬೆಳೆದ ಕಣ್ಣಿಗೆ ಆ ನರ್ತಕಿಯರ ಸೊಂಟದ ಬಾಗು ಅಪರಿಚಿತವೆನಿಸುವುದಿಲ್ಲ. ನಾವು ಹೋದಾಗ ಜನವೂ ಕಡಿಮೆಯಿತ್ತು. ಬಾ ನಾ ಬೆಟ್ಟದ ಮೇಲೆ ದೊಡ್ಡ ಕೈಗಳು ಹೊತ್ತಂತೆ ಕಾಣುವ ಚಿನ್ನದ ಸೇತುವೆಗೆ ಮಾತ್ರ, ನನ್ನಂತೆ ನೂಕುನುಗ್ಗಲು ಸಹಿಸದವರು ಹೋಗದಿರುವುದೇ ಮೇಲು.

ರಾತ್ರಿಯ ಮಟ್ಟಿಗೆ, ಹಾನ್ ನದಿಯ ಡ್ರ್ಯಾಗನ್ ಸೇತುವೆ ಶನಿವಾರ, ಭಾನುವಾರ ಒಂಬತ್ತು ಗಂಟೆಗೆ ಬೆಂಕಿಯನ್ನೂ ಬಳಿಕ ನೀರನ್ನೂ ಉಗುಳುವುದನ್ನು ತಪ್ಪಿಸಬೇಡಿ. ಸೇತುವೆಯ ಮೇಲಿನ ಉಕ್ಕಿನ ಡ್ರ್ಯಾಗನ್‌ನ ತಲೆಯ ಕೆಳಗೆ ನಿಂತವರು ತೊಯ್ದು ಹೋಗುತ್ತಾರೆ. ಪೂರ್ವ ದಂಡೆಯಲ್ಲಿ ಸ್ವಲ್ಪ ದೂರ ನಿಂತರೆ ಎಲ್ಲವೂ ಚೆನ್ನಾಗಿ ಕಾಣುತ್ತದೆ. ಮುಗಿದ ಕೂಡಲೇ ಗಾಡಿ ಹುಡುಕಬೇಡಿ, ಸ್ಕೂಟರುಗಳ ಪ್ರವಾಹ ಕರಗುವವರೆಗೆ ಹತ್ತಿರದ ಸನ್ ಚಾ ರಾತ್ರಿ ಸಂತೆಯಲ್ಲಿ ಅಡ್ಡಾಡಿ. ಮೀನು ತಿನ್ನುವವರು ಕಡಲ ದಂಡೆಯ ಹೋಟೆಲುಗಳಲ್ಲಿ ತಮ್ಮ ಕಣ್ಣೆದುರೇ ತೂಕ ಹಾಕಿಸಿ, ಒಟ್ಟು ಬೆಲೆಯನ್ನು ಬರೆಸಿಕೊಂಡ ಮೇಲೆಯೇ ಅಡುಗೆಗೆ ಒಪ್ಪಬೇಕು.

ಅಕ್ಟೋಬರ್, ನವೆಂಬರ್‌ನಲ್ಲಿ ಅಲ್ಲಿ ಭಾರಿ ಮಳೆ, ಚಂಡಮಾರುತದ ಭಯವೂ ಇರುತ್ತದೆ. ದಸರಾ ಇಲ್ಲವೇ ದೀಪಾವಳಿ ರಜೆಗೆಂದು ಟಿಕೆಟ್ ಕಾದಿರಿಸುವ ಯೋಚನೆಯಿದ್ದರೆ ಅದನ್ನು ಮಾರ್ಚ್‌ಗೆ ಮುಂದೂಡಿ.