62 ಅಂದ್ರೆ ಉಳಿದ 38 ಜನಕ್ಕೆ ಬರುತ್ತೆ ಅಂತಲ್ಲ

ನಾನು ತೀರ್ಥಹಳ್ಳಿ ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಫಾರ್ಮಾಸಿಸ್ಟ್. ಓದಿದ್ದು ಡಿ.ಫಾರ್ಮ. ಮಾತ್ರೆ, ಡೋಸು, ಸ್ಟಾಕ್ ರಿಜಿಸ್ಟರ್ ಗೊತ್ತು. ಸಂಶೋಧನೆಯ ಅಂಕಿ ಓದೋದು ಹೇಗೆ ಅಂತ ಯಾರೂ ಕಲಿಸಿರಲಿಲ್ಲ, ನಾನೂ ಕೇಳಿರಲಿಲ್ಲ.

ಕಾಡಿನ ಉಣುಗು (ಉಣ್ಣೆ) ಕಚ್ಚಿ ಬರುವ ಮಂಗನ ಕಾಯಿಲೆಗೆ ಲಸಿಕೆ ಇನ್ನೂ ಕೊಡುತ್ತಿದ್ದ ಕಾಲ ಅದು, ಈಗ ನಿಂತಿದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಪತ್ತೆಯಾದ ಕಾಯಿಲೆ, ಆದರೆ ಇವತ್ತಿಗೂ ತೋಟದ ಅಂಚಲ್ಲಿ ಒಂದು ಮಂಗ ಸತ್ತು ಬಿದ್ದರೆ ಊರೇ ಹೆದರುತ್ತೆ. ಲಸಿಕೆ ಬಗ್ಗೆ 2013ರಲ್ಲಿ ಒಂದು ಅಧ್ಯಯನ ಬಂದಿತ್ತು. 2005ರಿಂದ 2010ರವರೆಗಿನ ಲೆಕ್ಕ. ಎರಡು ಡೋಸ್ ಆದವರಿಗೆ ಶೇ 62.4 ರಕ್ಷಣೆ, ಬೂಸ್ಟರೂ ಆಗಿದ್ದರೆ ಶೇ 82.9. ಯಾರೋ ಇದನ್ನು ವಾಟ್ಸ್‌ಆ್ಯಪ್‌ಗೆ ಹಾಕಿದ್ದರು. ನಾನು ಕೌಂಟರಲ್ಲಿ ಕೂತು ಕೇಳಿದವರಿಗೆಲ್ಲ "ಎರಡು ಸೂಜಿ ಆದ್ರೂ ನೂರರಲ್ಲಿ 38 ಜನಕ್ಕೆ ಬಂದೇ ಬರುತ್ತೆ ಕಣ್ರೀ" ಅನ್ನುತ್ತಿದ್ದೆ.

ಡಾಕ್ಟರೂ ಹೌದು ಅಂತ ತಲೆಯಾಡಿಸಿದರು. ಎಂಬಿಬಿಎಸ್‌ನಲ್ಲಿ ಇದನ್ನೆಲ್ಲ ಓದಿದವರೇ. ಆದರೆ ಬೆಳಗಿನಿಂದ ಜ್ವರ, ಕೆಮ್ಮು, ಹಾವು ಕಡಿತ ಅಂತ ಒಪಿಡಿ ನೋಡುವವರಿಗೆ ಅದು ಎಲ್ಲಿ ನೆನಪಿರುತ್ತೆ, ಅಲ್ವಾ?

ತಡೆದವರು ಹೊಸದಾಗಿ ಬಂದ ಸ್ಟಾಫ್ ನರ್ಸ್. ಬಿ.ಎಸ್ಸಿ. ನರ್ಸಿಂಗ್, ಅಲ್ಲಿ ಸಂಶೋಧನೆ, ಸಂಖ್ಯಾಶಾಸ್ತ್ರ ಪಠ್ಯದಲ್ಲೇ ಇದೆ. ಖಾಲಿ ಮಾತ್ರೆ ಡಬ್ಬದ ರಟ್ಟು ಹರಿದು ಅದರ ಹಿಂದೆ ಬರೆದರು. "ಸಾರ್, ಸುಮ್ನೆ ಒಂದು ಲೆಕ್ಕ ಹಿಡೀರಿ. ಲಸಿಕೆ ಇಲ್ಲದ ಸಾವಿರ ಜನರಲ್ಲಿ 10 ಮಂದಿಗೆ ಬಂತು. ಹಾಕಿಸಿಕೊಂಡ ಸಾವಿರದಲ್ಲಿ ಹೆಚ್ಚುಕಡಿಮೆ 4 ಮಂದಿಗೆ. ಹತ್ತು ನಾಲ್ಕಕ್ಕೆ ಇಳೀತಲ್ಲ, ಅದೇ ಈ ಅರವತ್ತೆರಡು. ನಿಮ್ಮ ಲೆಕ್ಕದಲ್ಲಿ ಸಾವಿರಕ್ಕೆ 380 ಜನ ಮಲಗಬೇಕು!"

ಬಾಗಿಲಲ್ಲಿ ನಿಂತಿದ್ದ ಆಶಾ ಕಾರ್ಯಕರ್ತೆ ಅಕ್ಕ ಅಷ್ಟಕ್ಕೆ ಬಿಡಲಿಲ್ಲ. "ಅದು ಸರಿ ಸಿಸ್ಟರ್. ಆದ್ರೆ ದರಗು ತರೋಕೆ ಕಾಡಿಗೆ ಹೋಗೋರು, ದಿನಾ ಉಣುಗು ಕಚ್ಚಿಸ್ಕೊಳ್ಳೋರು ಹೆದರಿ ಲಸಿಕೆ ಹಾಕಿಸ್ಕೋತಾರೆ. ಮನೇಲಿ ಕೂರೋರು ಜಾಸ್ತಿ ಬರೋದೇ ಇಲ್ಲ. ಇಬ್ಬರನ್ನೂ ಒಂದೇ ತಕ್ಕಡೀಲಿ ತೂಗೋದಾ?" ನರ್ಸ್ ಪೆನ್ನು ಕೆಳಗಿಟ್ಟು ನಕ್ಕುಬಿಟ್ಟರು. ಈ ತೊಡಕಿಗೆ ಅವರ ಪುಸ್ತಕದಲ್ಲಿ ಒಂದು ದೊಡ್ಡ ಹೆಸರೇ ಇದೆಯಂತೆ. ಅಕ್ಕ ಓದಿದ್ದು ಹತ್ತನೇ ಕ್ಲಾಸು.

ಮಾರನೇ ದಿನದಿಂದ, ನಾನು ಯಾರಿಗೆಲ್ಲ ತಪ್ಪು ಹೇಳಿದ್ದೆನೋ ಅವರನ್ನು ಕರೆಕರೆದು ತಿದ್ದಿ ಹೇಳಬೇಕಾಯಿತು. ಬಿ.ಪಿ. ಮಾತ್ರೆಗೆ ಬರುವ ಅಜ್ಜ ಒಬ್ಬರು "ಮೊನ್ನೆ ಹಂಗಂದ್ರಿ, ಇವತ್ತು ಹಿಂಗಂತೀರಿ" ಅಂತ ಗದರಿದರು. ರಟ್ಟು ತೆಗೆದು ತೋರಿಸಿದೆ. ಕನ್ನಡಕ ತಂದಿಲ್ಲ ಅಂದರು.