ಸೆರಗಿಗೊಂದು ಕೆಲಸ: ಇಳಕಲ್ ಸೀರೆ ಚಿತ್ರಸರಣಿ ಎಲ್ಲಿಗೆ ಬಂತು?

ಐದು ಚಿತ್ರಗಳ ಸರಣಿಯಲ್ಲಿ ಮೂರು ಕೈಗೆ ಬಂದಿವೆ. ಒಂದನ್ನು ಕೈಬಿಟ್ಟೆ. ಕೊನೆಯದು ಬಾಕಿ.

ಕತೆ ಇಷ್ಟು. ಹಿಂದೆ ನಾಟಕ ಕಂಪನಿಯಲ್ಲಿ ಪಾತ್ರ ಮಾಡುತ್ತಿದ್ದ ಹೆಣ್ಣುಮಗಳು ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಬರುತ್ತಾಳೆ. ಈ ಸಲ ಬರೀ ನಾಟಕ ನೋಡೋಕೆ. ಬನದ ಹುಣ್ಣಿಮೆ ಹೊತ್ತಿಗೆ ಅಲ್ಲಿ ಕಂಪನಿಗಳು ಟೆಂಟ್ ಹಾಕಿರುತ್ತವೆ. ಹಾಗಾಗಿ ನಾವು ಏನನ್ನೂ ಹೊಸದಾಗಿ ಕಟ್ಟಬೇಕಿಲ್ಲ.

ಸೀರೆಯನ್ನು ಚೆಂದವಾಗಿ ತೋರಿಸಬಹುದು, ಅದು ಕಷ್ಟವಲ್ಲ. ಆದರೆ ಕತೆಯೊಳಗೆ ಸೀರೆಗೊಂದು ಕೆಲಸ ಇರಬೇಕು. ಬೇರೆ ಸೀರೆ ಉಡಿಸಿದರೂ ಕತೆ ಹಾಗೇ ಉಳಿದರೆ ಅದು ಫ್ಯಾಷನ್ ಚಿತ್ರ ಆಗಲಿಲ್ಲ ಅಂತ ನನ್ನ ನಂಬಿಕೆ. ಇಳಕಲ್ ಸೀರೆಯಲ್ಲಿ ಆ ಕೆಲಸ ಸೆರಗಿನದೇ. ಒಡಲಿನ ಹಾಸುನೂಲಿಗೆ, ಅಂದರೆ ಉದ್ದಕ್ಕೆ ಹಾಯುವ ಎಳೆಗಳಿಗೆ, ಸೆರಗಿನ ಹಾಸುನೂಲನ್ನು ಕೊಂಡಿ ಹಾಕಿ ಸೇರಿಸಿ ನೇಯುತ್ತಾರೆ. ಕೆಂಪು ಸೆರಗಿನ ಮೇಲೆ ಬಿಳಿ ತೆನೆ, ಹಣಿಗೆಯ ಆಕಾರಗಳು. ದೂರದಿಂದಲೇ ಗುರುತು ಸಿಗುತ್ತದೆ. ಅದಕ್ಕೇ ಕತೆಯನ್ನು ಸೆರಗಿನ ಮೇಲೆ ಬರೆದುಕೊಂಡೆ: ಬಸ್ಸಿಳಿಯುವಾಗ ಸೊಂಟಕ್ಕೆ ಸಿಕ್ಕಿಸಿದ್ದು, ಜಾತ್ರೆಯಲ್ಲಿ ಯಾರೂ ಗುರುತು ಹಿಡಿಯದಿರಲಿ ಅಂತ ತಲೆ ಮೇಲೆ ಹೊದ್ದದ್ದು, ನಾಟಕ ನೋಡುತ್ತಾ ಜಾರಿದ್ದು.

ಎರಡನೇ ಚಿತ್ರ ನನಗೆ ತುಂಬಾ ಇಷ್ಟ. ಅವಳು ನಮಗೆ ಬೆನ್ನು ಹಾಕಿ ನಾಟಕದ ಪೋಸ್ಟರ್ ಓದುತ್ತಿದ್ದಾಳೆ. ಇದರ ಹಿಂದೆ ಬ್ರಿಟಿಷ್ ಛಾಯಾಗ್ರಾಹಕ ಸೆಸಿಲ್ ಬೀಟನ್ 1941ರಲ್ಲಿ ಲಂಡನ್‌ನಲ್ಲಿ ತೆಗೆದ ಚಿತ್ರವಿದೆ. ಬಾಂಬ್ ದಾಳಿಗೆ ಕುಸಿದ ಕಟ್ಟಡದ ಮುಂದೆ, ನೀಟಾದ ಸೂಟ್ ತೊಟ್ಟ ಹೆಣ್ಣು ಬೆನ್ನು ತಿರುಗಿಸಿ ನಿಂತಿದ್ದಾಳೆ. ಮುಖ ಕಾಣಲ್ಲ. ಆದರೂ ಆ ಊರಿಗೆ ಏನಾಯಿತು, ಅವಳು ಹೇಗೆ ಎದ್ದು ನಿಂತಳು ಎಲ್ಲ ತಿಳಿಯುತ್ತದೆ. ಸೂಟ್‌ನ ಹೊಲಿಗೆಯೂ ಬೆನ್ನ ಕಡೆಯಿಂದಲೇ ಕಾಣುತ್ತದೆ. ಬಟ್ಟೆ ಮತ್ತು ಕತೆ ಎರಡಕ್ಕೂ ಒಂದೇ ನಿಲುವು ಸಾಕಾಗಿದೆ, ಅಲ್ವಾ?

ಮಾಡೆಲ್ ಆಗಿರುವ ಗೆಳತಿ ಗುಳೇದಗುಡ್ಡದವಳು, ಖಣದ (ಅಲ್ಲಿ ನೇಯುವ ರವಿಕೆ ಬಟ್ಟೆಯ) ಕುಪ್ಪಸ ಅವಳದೇ. ಪೋಸ್ಟರ್ ಮುಂದೆ ನಿಲ್ಲಿಸಿದಾಗ ಕೇಳಿದಳು: "ಸುಮ್ನ ನಿಂದ್ರು ಅಂದ್ರ ಹೆಂಗ ಅಕ್ಕಾ? ನಾ ಏನ್ ಹುಡುಕಾಕತ್ತೀನಿ ಅದನ್ನ ಹೇಳ್ರಿ." ಹಳೇ ಜೊತೆಗಾತಿಯ ಹೆಸರು ಹುಡುಕು ಅಂದೆ. ತಕ್ಷಣ ಕತ್ತು ಸ್ವಲ್ಪ ಮುಂದೆ ಬಾಗಿತು, ಒಂದು ಕೈ ಸೆರಗಿನ ಅಂಚನ್ನು ಹಿಡಿಯಿತು. "ಎಡಕ್ಕೆ ತಿರುಗು, ಗಲ್ಲ ಎತ್ತು" ಅಂತ ಹೇಳಿ ಇದನ್ನು ಪಡೆಯೋಕೆ ಆಗುತ್ತಿರಲಿಲ್ಲ.

ಕೈಬಿಟ್ಟದ್ದು ಬನಶಂಕರಿ ಗುಡಿ ಮುಂದಿನ ಕಲ್ಯಾಣಿ, ಹರಿದ್ರಾ ತೀರ್ಥದ ಚಿತ್ರ. ಕಲ್ಲಿನ ಮಂಟಪ, ನೀರಿನಲ್ಲಿ ಕೆಂಪಿನ ನೆರಳು, ನೋಡೋಕೆ ಬಹಳ ಸೊಗಸು. ಆದರೆ ಅವಳು ಅಲ್ಲಿಗೆ ಯಾಕೆ ಬಂದಳು ಅನ್ನೋದಕ್ಕೆ ಚಿತ್ರದಲ್ಲಿ ಉತ್ತರವಿಲ್ಲ. ತೆಗೆದಿಟ್ಟೆ.

ಇಳಕಲ್ ಸೀರೆಯ ಚಿತ್ರ ತೆಗೆಯುವವರಿಗೆ ಒಂದು ಮಾತು. ಈ ಕೆಂಪು ಕ್ಯಾಮೆರಾಗೆ ಜಾಸ್ತಿಯಾಗುತ್ತದೆ. ಸಾಮಾನ್ಯ ಹಿಸ್ಟೋಗ್ರಾಮ್ (ಚಿತ್ರದಲ್ಲಿ ಬೆಳಕು ಎಷ್ಟೆಷ್ಟಿದೆ ಅಂತ ಕ್ಯಾಮೆರಾ ತೋರಿಸುವ ನಕ್ಷೆ) ಸರಿಯಾಗಿ ಕಂಡರೂ ಕೆಂಪು ಚಾನೆಲ್ ಮಾತ್ರ ತುಂಬಿ, ನೇಯ್ಗೆಯ ಎಳೆ ಅಳಿಸಿಹೋಗಬಹುದು. ಮೂರೂ ಬಣ್ಣಗಳ ಹಿಸ್ಟೋಗ್ರಾಮ್ ಬೇರೆಬೇರೆಯಾಗಿ ನೋಡಿ, ಎಕ್ಸ್‌ಪೋಷರ್ ಇಳಿಸಿಕೊಳ್ಳಿ. ಟೆಂಟ್ ಒಳಗೆ ದೀಪಗಳ ಮಿಣುಕಿಗೆ ಪಟ್ಟೆಗಳು ಬರಬಾರದು ಅಂತ ಮೆಕ್ಯಾನಿಕಲ್ ಶಟರ್ ಇಟ್ಟು 1/100 ಸೆಕೆಂಡಿನಲ್ಲಿ ತೆಗೆದೆ. ಫ್ಲ್ಯಾಶ್ ಬಳಸಲಿಲ್ಲ. ರಂಗದ ಬೆಳಕೇ ಅವಳ ಮುಖಕ್ಕೆ ಬೀಳಬೇಕಿತ್ತು.

ಕೊನೆಯ ಚಿತ್ರದಲ್ಲಿ ಅವಳು ಊರಿಗೆ ಮರಳುವ ಬಸ್ಸಿಗೆ ಕಾಯುತ್ತಾಳೆ. ಅಲ್ಲಿ ಸೆರಗು ಹೇಗಿರಬೇಕು ಅಂತ ಇನ್ನೂ ತೀರ್ಮಾನವಾಗಿಲ್ಲ. ಮತ್ತೆ ತಲೆ ಮೇಲೆ ಹೊದ್ದರೆ ಒಂದು ಕತೆ, ಹೆಗಲ ಮೇಲೇ ಬಿಟ್ಟರೆ ಇನ್ನೊಂದು. ಗೆಳತಿ ಹೆಗಲ ಮೇಲೇ ಇರಲಿ ಅನ್ನುತ್ತಾಳೆ. ಎರಡನ್ನೂ ತೆಗೆದು, ಉಳಿದ ಮೂರರ ಪಕ್ಕ ಇಟ್ಟು ನೋಡುತ್ತೇನೆ.